ಹೆಸರಿನ ಮುಂದೆ ‘ಡಾ.’ ಬರುವ ಮುನ್ನ

ಪ್ರತಿ ವರ್ಷ ಬೇಸಿಗೆ ರಜೆ ಹತ್ತಿರ ಬಂದಂತೆ ನನಗೆ ಇಂಥದೊಂದು ಫೋನ್ ಬಂದೇ ಬರುತ್ತದೆ. ಈ ಸಲ ಮಾಡಿದವರು ಹಾವೇರಿ ಕಡೆಯ ಒಬ್ಬ ಸಭಾಪಾಲಕರು. ಬಿ.ಡಿ. ಓದಿದವರು, ಹದಿನಾರು ವರ್ಷ ಸೇವೆ ಮಾಡಿದವರು, ಸಭೆಗೆ ಸೇರಿದ ಒಂದು ಪ್ರಾಥಮಿಕ ಶಾಲೆಯನ್ನೂ ನೋಡಿಕೊಳ್ಳುವವರು.

“ಸರ್, ಕ್ರೈಸ್ತ ಶಿಕ್ಷಣ ಮತ್ತು ನಾಯಕತ್ವದಾಗ ಡಾಕ್ಟರೇಟ್ ಕೊಡ್ತಾರಂತ. ಎಂಟ ತಿಂಗಳದ್ದು, ಎಲ್ಲಾ ಆನ್‌ಲೈನ್. ಅರವತ್ತ ಸಾವಿರ ಕಟ್ಟಿದ್ರ ಗೌನು, ಸರ್ಟಿಫಿಕೇಟು ಎರಡೂ ಮನೀಗೇ ಕಳಸ್ತಾರಂತ. ಸೇರಲೇನ್ರಿ?”

ನಾನು ಕೇಳಿದ್ದು ಒಂದೇ ಪ್ರಶ್ನೆ. “ಅಯ್ಯನವರ, ಆ ಪದವೀನ ಯಾರು ಒಪ್ಪತಾರ್ರಿ?”

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತು ಬರಲಿಲ್ಲ.

ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ನಮ್ಮ ಸಭೆಗಳಲ್ಲಿ ಈ ವಿಷಯವನ್ನು ಕೂರಿಸಿಕೊಂಡು ಬಿಡಿಸಿ ಹೇಳುವವರು ಕಡಿಮೆ. ಸಭಾಪಾಲಕರು, ಗುರುಗಳು, ಧರ್ಮಭಗಿನಿಯರು, ಮಿಷನ್ ಶಾಲೆಗಳ ಮುಖ್ಯೋಪಾಧ್ಯಾಯರು, ವರ್ಷಗಟ್ಟಲೆ ಸಂಡೇ ಸ್ಕೂಲ್ ನಡೆಸಿಕೊಂಡು ಬಂದ ಅಕ್ಕಂದಿರು, ಹೀಗೆ ಎಷ್ಟೋ ಮಂದಿಗೆ ಓದುವ ಆಸೆ ಇದೆ, ಅನುಭವದ ಗಂಟೂ ಇದೆ. ದಾರಿ ಯಾವುದು ಎನ್ನುವುದು ಮಾತ್ರ ಗೊತ್ತಿಲ್ಲ. ಈ ಬರಹ ಅಂಥವರಿಗಾಗಿ.

ಮೊದಲು ಕ್ರೈಸ್ತ ಶಿಕ್ಷಣ ಮತ್ತು ನಾಯಕತ್ವ ಎಂಬ ವಿಷಯದ ಹರವು ತಿಳಿಯಲಿ. ಭಾನುವಾರದ ಮಕ್ಕಳ ತರಗತಿ, ಬೇಸಿಗೆಯ ವಿ.ಬಿ.ಎಸ್., ಕನ್ಫರ್ಮೇಷನ್ ಪಾಠ, ಯುವಜನರ ಕೂಟ, ಸ್ತ್ರೀಯರ ಅನ್ಯೋನ್ಯ ಕೂಟ, ಸೆಮಿನರಿಯ ತರಗತಿ, ಇವೆಲ್ಲ ನಂಬಿಕೆಯನ್ನು ಕಲಿಸುವ ಕೆಲಸ. ಇನ್ನೊಂದು ಕಡೆ ಮಿಷನ್ ಶಾಲೆ, ಕಾಲೇಜು, ಹಾಸ್ಟೆಲ್‌ಗಳ ಆಡಳಿತವಿದೆ. ಅಲ್ಲಿ ಓದುವ ಬಹುಪಾಲು ಮಕ್ಕಳು ಕ್ರೈಸ್ತರಲ್ಲ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಸಂಸ್ಥೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. 28ನೇ ವಿಧಿಯ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಒಪ್ಪಿಗೆ ಇಲ್ಲದ ಮಗುವನ್ನು ಧರ್ಮಬೋಧೆಗೆ ಕೂರಿಸುವಂತಿಲ್ಲ. ಮಗು ಚಿಕ್ಕದಾದರೆ ಪೋಷಕರ ಒಪ್ಪಿಗೆ ಬೇಕು. ಈ ಎರಡು ವಿಧಿಗಳ ನಡುವೆ ನಿಂತು ಒಬ್ಬ ಮುಖ್ಯೋಪಾಧ್ಯಾಯಿನಿ ದಿನವೂ ಬೆಳಗಿನ ಪ್ರಾರ್ಥನೆಯ ಬಗ್ಗೆ, ಮೌಲ್ಯ ಶಿಕ್ಷಣದ ಪಾಠದ ಬಗ್ಗೆ, ಶಿಕ್ಷಕರ ನೇಮಕದ ಬಗ್ಗೆ ತೀರ್ಮಾನ ಮಾಡಬೇಕು. ನಾಯಕತ್ವದ ಅಧ್ಯಯನ ಎಂದರೆ ಇದೇ. ವೇದಿಕೆಯ ಮೇಲಿನ ಭಾಷಣಕ್ಕೂ ಇದಕ್ಕೂ ದೂರದ ಸಂಬಂಧ.

ಬಾಗಿಲು ಒಂದೇ ಅಲ್ಲ

ನಮ್ಮ ದೇಶದಲ್ಲಿ ಈ ವಿಷಯದ ಡಾಕ್ಟರೇಟಿಗೆ ನಾಲ್ಕು ಬಾಗಿಲುಗಳಿವೆ. ಒಂದರಿಂದ ಒಳಗೆ ಹೋದವರು ಇನ್ನೊಂದರಿಂದ ಹೊರಬರಲು ಆಗುವುದಿಲ್ಲ. ಆದ್ದರಿಂದ ಸೇರುವ ಮೊದಲೇ ನೋಡಿಕೊಳ್ಳಬೇಕು.

ಮೊದಲನೆಯದು ಸೆರಾಂಪುರ. ಬಂಗಾಳದ ಈ ಕಾಲೇಜನ್ನು 1818ರಲ್ಲಿ ವಿಲಿಯಂ ಕೇರಿ, ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಕಟ್ಟಿದರು. ಊರು ಆಗ ಡೆನ್ಮಾರ್ಕಿನ ಆಡಳಿತದಲ್ಲಿತ್ತು. 1827ರಲ್ಲಿ ಡೆನ್ಮಾರ್ಕಿನ ದೊರೆ ಆರನೇ ಫ್ರೆಡರಿಕ್ ಪದವಿ ಕೊಡುವ ಸನ್ನದು ಕೊಟ್ಟ. 1918ರ ಬಂಗಾಳ ಶಾಸನಸಭೆಯ ಕಾಯ್ದೆ ಅದನ್ನು ಗಟ್ಟಿಮಾಡಿ ಸೆನೆಟ್ ರಚಿಸಿತು. ಇವತ್ತು ದೇಶದ ಹತ್ತಾರು ದೈವಶಾಸ್ತ್ರ ಕಾಲೇಜುಗಳು ಈ ಸೆನೆಟ್ಟಿನ ಕೆಳಗಿವೆ. ನಮ್ಮ ರಾಜ್ಯದಲ್ಲಿ 1910ರಲ್ಲಿ ಆರಂಭವಾದ ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜು (ಯು.ಟಿ.ಸಿ.), ಮಂಗಳೂರು ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಇದಕ್ಕೆ ಸೇರಿದವು. ಬಿ.ಡಿ. ಆದಮೇಲೆ ಎಂ.ಟಿಎಚ್., ಆಮೇಲೆ ಡಿ.ಟಿಎಚ್., ಇದು ಮೆಟ್ಟಿಲು. ನಡುವಿನ ಮೆಟ್ಟಿಲನ್ನು ಹಾರಿ ಹೋಗುವಂತಿಲ್ಲ.

ಎರಡನೆಯದು ಏಷ್ಯಾ ಥಿಯೊಲಾಜಿಕಲ್ ಅಸೋಸಿಯೇಷನ್. ಎಲ್ಲರೂ ಎ.ಟಿ.ಎ. ಎನ್ನುತ್ತಾರೆ. 1970ರಲ್ಲಿ ಹುಟ್ಟಿದ ಈ ಸಂಸ್ಥೆ ಇವಾಂಜೆಲಿಕಲ್ ಸೆಮಿನರಿಗಳ ಗುಣಮಟ್ಟವನ್ನು ಪರಿಶೀಲಿಸಿ ಮಾನ್ಯತೆ ಕೊಡುತ್ತದೆ. ಬೆಂಗಳೂರಿನ ಕೊತ್ತನೂರಿನಲ್ಲಿರುವ ಸಯಾಕ್ಸ್ ಸೆಮಿನರಿ 1982ರಿಂದ ಉನ್ನತ ಅಧ್ಯಯನಕ್ಕೆ ಹೆಸರಾದದ್ದು ಈ ಬಳಗದಲ್ಲಿಯೇ.

ಕಥೋಲಿಕರಿಗೆ ಮೂರನೆಯ ಬಾಗಿಲಿದೆ. ರೋಮ್‌ನ ಮಾನ್ಯತೆ ಇರುವ ಪೀಠಗಳಲ್ಲಿ ಲೈಸೆನ್ಷಿಯೇಟ್ ಮುಗಿಸಿ ಡಾಕ್ಟರೇಟಿಗೆ ಹೋಗುವ ದಾರಿ ಅದು. ಬೆಂಗಳೂರಿನ ಧರ್ಮಾರಾಮ್ ವಿದ್ಯಾಕ್ಷೇತ್ರ, ಮಲ್ಲೇಶ್ವರದ ಸಂತ ಪೀಟರರ ಸಂಸ್ಥೆ ಎಲ್ಲರಿಗೂ ಗೊತ್ತಿರುವ ಹೆಸರುಗಳು. ಧರ್ಮೋಪದೇಶ ಕಲಿಸುವ ಕ್ರಮದ ಬಗ್ಗೆ ಆಸಕ್ತಿ ಇರುವವರು ಡಿ.ಎಸ್. ಅಮಲೋರ್‌ಪವದಾಸ್ ಅವರ ಕೆಲಸವನ್ನು ಓದಲೇಬೇಕು. 1967ರಲ್ಲಿ ಬೆಂಗಳೂರಿನಲ್ಲಿ ಎನ್.ಬಿ.ಸಿ.ಎಲ್.ಸಿ. ಎಂಬ, ಸತ್ಯವೇದ, ಧರ್ಮೋಪದೇಶ, ಆರಾಧನೆಗಳ ರಾಷ್ಟ್ರೀಯ ಕೇಂದ್ರವನ್ನು ಕಟ್ಟಿದವರು ಅವರು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮದ ಅಧ್ಯಯನಕ್ಕೆ ನೆಲೆ ಒದಗಿಸಿದವರೂ ಅವರೇ.

ನಾಲ್ಕನೆಯದು ಯು.ಜಿ.ಸಿ. ಮಾನ್ಯತೆಯ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೂ ಮದ್ರಾಸ್ ವಿಶ್ವವಿದ್ಯಾಲಯದಲ್ಲಿಯೂ ಕ್ರೈಸ್ತ ಅಧ್ಯಯನದ ವಿಭಾಗಗಳಿವೆ. ಶಿಕ್ಷಣಶಾಸ್ತ್ರ ವಿಭಾಗಕ್ಕೆ ಸೇರಿ ಮಿಷನ್ ಶಾಲೆಗಳ ನಾಯಕತ್ವದ ಮೇಲೆ ಪ್ರಬಂಧ ಬರೆಯಲೂ ಅಡ್ಡಿಯಿಲ್ಲ. ಕನ್ನಡದಲ್ಲೇ ಬರೆಯಬೇಕೆನ್ನುವವರಿಗೆ, ಅದರಲ್ಲೂ ಕನ್ನಡ ಕ್ರೈಸ್ತ ಸಾಹಿತ್ಯ, ಮಿಷನ್ ಪಠ್ಯಪುಸ್ತಕಗಳಂಥ ವಿಷಯ ಹಿಡಿದವರಿಗೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇದೆ.

ಈ ನಾಲ್ಕರಲ್ಲಿ ಯಾವುದು ಮೇಲು ಎಂದು ಕೇಳಬೇಡಿ. ಪದವಿ ಪಡೆದು ಎಲ್ಲಿ ಕೆಲಸ ಮಾಡುತ್ತೀರಿ ಎಂಬುದು ಮುಖ್ಯ. ಸೆಮಿನರಿಯಲ್ಲಿ ಪಾಠ ಮಾಡುವವರಿಗೆ ಸೆರಾಂಪುರದ ಡಿ.ಟಿಎಚ್. ಅಥವಾ ಎ.ಟಿ.ಎ. ಮಾನ್ಯತೆಯ ಪಿಎಚ್.ಡಿ. ಚೆನ್ನಾಗಿ ನಡೆಯುತ್ತದೆ. ಸರ್ಕಾರಿ ಅಥವಾ ಅನುದಾನಿತ ಕಾಲೇಜಿನ ಹುದ್ದೆ, ವೇತನ ಬಡ್ತಿ ಮನಸ್ಸಿನಲ್ಲಿದ್ದರೆ ಲೆಕ್ಕ ಬೇರೆ. ಎ.ಟಿ.ಎ. ಮಾನ್ಯತೆ ಯು.ಜಿ.ಸಿ. ಮಾನ್ಯತೆಯಲ್ಲ. ದೈವಶಾಸ್ತ್ರದ ಬಿ.ಡಿ., ಎಂ.ಟಿಎಚ್. ಪದವಿಗಳನ್ನು ಯಾವ ವಿಶ್ವವಿದ್ಯಾಲಯ ಯಾವುದಕ್ಕೆ ಸಮ ಎಂದು ಒಪ್ಪುತ್ತದೆ ಎಂಬುದೂ ಒಂದೊಂದು ಕಡೆ ಒಂದೊಂದು ರೀತಿ. ಕುಲಸಚಿವರಿಗೆ ಪತ್ರ ಬರೆದು ಉತ್ತರವನ್ನು ಕಾಗದದ ಮೇಲೆ ಪಡೆಯಿರಿ. “ಆಗುತ್ತೆ ಬಿಡಿ, ನಮ್ಮವರೊಬ್ಬರಿಗೆ ಆಗಿದೆ” ಎಂಬ ಬಾಯಿಮಾತನ್ನು ನಂಬಿ ಮೂರು ವರ್ಷ ಕಳೆದವರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಯು.ಜಿ.ಸಿ. ದಾರಿಯ ನಿಯಮಗಳು

ನಾಲ್ಕನೆಯ ಬಾಗಿಲಿಗೆ ಹೋಗುವವರು 2022ರ ಪಿಎಚ್.ಡಿ. ನಿಯಮಾವಳಿಯನ್ನು ಒಮ್ಮೆ ಪೂರ್ತಿ ಓದಿಕೊಳ್ಳಿ. ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಆರ್ಥಿಕವಾಗಿ ಹಿಂದುಳಿದವರಿಗೆ ಶೇ 5 ರಿಯಾಯಿತಿ. ಕೋರ್ಸ್‌ವರ್ಕ್ ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯಿಂದ ಇನ್ನೂ 2 ವರ್ಷ ಸಿಗಬಹುದು. ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದರ ಮೇಲೆ ಮತ್ತೆ 2 ವರ್ಷದ ಅವಕಾಶವಿದೆ. ಹೆರಿಗೆ ಮತ್ತು ಮಗುವಿನ ಪಾಲನೆಗೆಂದು ಒಟ್ಟು ಅವಧಿಯಲ್ಲಿ 240 ದಿನಗಳವರೆಗೆ ರಜೆ ಉಂಟು.

ಕೆಲಸದಲ್ಲಿರುವವರಿಗೆ ಒಂದು ಸಮಾಧಾನದ ಸಂಗತಿ: ಅರೆಕಾಲಿಕ ಪಿಎಚ್.ಡಿ. ಮಾಡಬಹುದು. ನೀವು ಕೆಲಸ ಮಾಡುವ ಸಂಸ್ಥೆ ನಿರಾಕ್ಷೇಪಣಾ ಪತ್ರ ಕೊಡಬೇಕು, ಅಷ್ಟೆ. ಆದರೆ ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಪಿಎಚ್.ಡಿ. ಕೊಡುವುದಕ್ಕೆ ಈ ನಿಯಮಾವಳಿಯಲ್ಲಿ ಅವಕಾಶವೇ ಇಲ್ಲ. ಅರೆಕಾಲಿಕ ಬೇರೆ, ಆನ್‌ಲೈನ್ ಬೇರೆ. ಇವೆರಡನ್ನೂ ಒಂದೇ ಎಂದುಕೊಂಡವರೇ ಹೆಚ್ಚಾಗಿ ಮೋಸಹೋಗುವುದು.

2024–25ರಿಂದ ಪಿಎಚ್.ಡಿ. ಪ್ರವೇಶಕ್ಕೂ ಎನ್.ಇ.ಟಿ. ಅಂಕವನ್ನು ಬಳಸಬಹುದು. ಎನ್.ಇ.ಟಿ.ಯಲ್ಲಿ ಶಿಕ್ಷಣಶಾಸ್ತ್ರ ಇರುವುದು ಎಲ್ಲರಿಗೂ ಗೊತ್ತು. ಧರ್ಮಗಳ ತೌಲನಿಕ ಅಧ್ಯಯನ ಎಂಬ ವಿಷಯವೂ ಇದೆ ಎಂಬುದು ನಮ್ಮವರಲ್ಲಿ ಹಲವರ ಗಮನಕ್ಕೇ ಬಂದಿಲ್ಲ. ಜೆ.ಆರ್.ಎಫ್. ಸಿಕ್ಕಿದರೆ ತಿಂಗಳಿಗೆ 37,000 ರೂಪಾಯಿ. ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ 2022–23ರಿಂದ ನಿಂತುಹೋಗಿದೆ. ಹಳೆಯ ಕರಪತ್ರ ನೋಡಿ ಅದನ್ನು ನೆಚ್ಚಿಕೊಳ್ಳಬೇಡಿ. ಇವಾಂಜೆಲಿಕಲ್ ಸೆಮಿನರಿಗಳ ಅಧ್ಯಾಪಕರಿಗೆ ಜಾನ್ ಸ್ಟಾಟ್ ಆರಂಭಿಸಿದ ಲ್ಯಾಂಗ್‌ಹ್ಯಾಮ್ ಸಂಸ್ಥೆಯ ವಿದ್ಯಾರ್ಥಿವೇತನವಿದೆ.

ವಿದೇಶದ ಮಾತು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಈ ವಿಷಯಕ್ಕೆ ಮೂರು ಬಗೆಯ ಪದವಿಗಳಿವೆ. ಪಿಎಚ್.ಡಿ. ಸಂಶೋಧಕರಿಗೆ, ಅಧ್ಯಾಪಕರಿಗೆ. ಇಡಿ.ಡಿ. ಶಿಕ್ಷಣ ಸಂಸ್ಥೆ ನಡೆಸುವವರಿಗೆ. ಡಿ.ಮಿನ್. ಈಗಾಗಲೇ ಸಭೆಯ ಸೇವೆಯಲ್ಲಿ ಪಳಗಿದವರಿಗೆ. ಇವರು ತಮ್ಮ ಸೇವೆಯದೇ ಒಂದು ಸಮಸ್ಯೆಯನ್ನು ಹಿಡಿದು ಪ್ರಬಂಧ ಬರೆಯುತ್ತಾರೆ. ಅಲ್ಲಿನ ಸೆಮಿನರಿಗೆ ದೈವಶಾಸ್ತ್ರ ಶಾಲೆಗಳ ಒಕ್ಕೂಟವಾದ ಎ.ಟಿ.ಎಸ್.ನ ಮಾನ್ಯತೆ ಇದೆಯೇ ಎಂದು ಮೊದಲು ನೋಡಿ. ಅಲ್ಲಿ ಮಾನ್ಯವಾದ ಮಾತ್ರಕ್ಕೆ ಇಲ್ಲಿಯೂ ತಾನಾಗಿ ಮಾನ್ಯವಾಗುವುದಿಲ್ಲ. ಸಮಾನತೆಯ ಪ್ರಮಾಣಪತ್ರ ಬೇರೆಯೇ ಪಡೆಯಬೇಕು. ಮಂಡ್ಯದ ಸಭೆಯಲ್ಲಿ ಮಕ್ಕಳಿಗೆ ಕಲಿಸುವ ಕೆಲಸಕ್ಕೆ ಡಿ.ಮಿನ್. ತುಂಬ ಒಳ್ಳೆಯ ಓದು ಎಂದೇ ನನ್ನ ಅಭಿಪ್ರಾಯ, ಆದರೆ ಅದನ್ನು ತೋರಿಸಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆ ಕೇಳಲಾಗದು.

ಗೌರವ ಡಾಕ್ಟರೇಟಿನ ಗೌರವ

1853ರಲ್ಲಿ ಬಾಸೆಲ್ ಮಿಷನ್ನಿನ ಕಡೆಯಿಂದ ಬಂದ ಫರ್ಡಿನೆಂಡ್ ಕಿಟೆಲ್ ಕನ್ನಡ–ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಹೊರತಂದರು. ಸುಮಾರು 70,000 ಪದಗಳ ಕೋಶ. ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು 1896ರಲ್ಲಿ. ಅದಕ್ಕೂ ಮೊದಲು, 1843ರಲ್ಲಿ ‘ಮಂಗಳೂರ ಸಮಾಚಾರ’ ಆರಂಭಿಸಿದ ಹರ್ಮನ್ ಮೋಗ್ಲಿಂಗ್ ಅವರಿಗೂ ಅದೇ ವಿಶ್ವವಿದ್ಯಾಲಯ 1858ರಲ್ಲಿ ಆ ಗೌರವ ಕೊಟ್ಟಿತ್ತು. ಇಬ್ಬರೂ ಅರ್ಜಿ ಹಾಕಿ, ಶುಲ್ಕ ಕಟ್ಟಿ ಪಡೆದದ್ದಲ್ಲ. ಕೆಲಸ ಮುಗಿದಿತ್ತು, ಗೌರವ ಹುಡುಕಿಕೊಂಡು ಬಂತು.

ಇವತ್ತು ಹೋಟೆಲಿನ ಸಭಾಂಗಣದಲ್ಲಿ ಒಂದೇ ಸಂಜೆ ಮೂವತ್ತು ಜನರಿಗೆ ಗೌನು ಹೊದಿಸಿ ‘ಡಾ.’ ಕೊಡುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. 1956ರ ಯು.ಜಿ.ಸಿ. ಕಾಯ್ದೆಯ 22ನೇ ಕಲಮು ಸ್ಪಷ್ಟವಾಗಿದೆ. ಕೇಂದ್ರ ಅಥವಾ ರಾಜ್ಯದ ಕಾಯ್ದೆಯಿಂದ ಆದ ವಿಶ್ವವಿದ್ಯಾಲಯ, ಡೀಮ್ಡ್ ವಿಶ್ವವಿದ್ಯಾಲಯ, ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆ, ಇವು ಮಾತ್ರ ಪದವಿ ಕೊಡಬಹುದು. ಟ್ರಸ್ಟ್ ನೋಂದಣಿ, ಸೊಸೈಟಿ ನೋಂದಣಿ, ಐ.ಎಸ್.ಒ. ಪ್ರಮಾಣಪತ್ರ, ಹೊರದೇಶದ ಒಂದು ವಿಳಾಸ, ಇವು ಯಾವುವೂ ಪದವಿ ಕೊಡುವ ಹಕ್ಕು ತಂದುಕೊಡುವುದಿಲ್ಲ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯು.ಜಿ.ಸಿ. ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಪಟ್ಟಿಯಲ್ಲಿ ಹೆಸರು ಕಾಣಲಿಲ್ಲ ಎಂದ ಮಾತ್ರಕ್ಕೆ ಅಸಲಿ ಎಂದುಕೊಳ್ಳಬೇಡಿ. ಯು.ಜಿ.ಸಿ. ಮಾನ್ಯತೆ ಇದೆ ಎನ್ನುವ ಸಂಸ್ಥೆಯ ಹೆಸರು ಮಾನ್ಯ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಇರಬೇಕು.

ಪ್ರಶ್ನೆ ಎಲ್ಲಿ ಸಿಗುತ್ತದೆ?

ಧಾರವಾಡದ ಹತ್ತಿರ ಒಂದು ಸಭೆಯಲ್ಲಿ ನಾನು ಸಂಡೇ ಸ್ಕೂಲ್ ನಡೆಸುತ್ತಿದ್ದೆ. ಅಲ್ಲೊಂದು ಹಾಜರಿ ಪುಸ್ತಕ ಇತ್ತು. ನೀಲಿ ರಟ್ಟು, ಅಂಚು ಸವೆದು ಹತ್ತಿಯಂತಾಗಿತ್ತು. ಒಂಬತ್ತು ವರ್ಷದ ಹೆಸರುಗಳು, ನಾಲ್ಕು ಬಗೆಯ ಕೈಬರಹ. ಮಳೆಗಾಲದ ಒಂದು ಸಂಜೆ ಕರೆಂಟು ಹೋದಾಗ ಮೇಣದಬತ್ತಿ ಇಟ್ಟುಕೊಂಡು ಅದನ್ನು ತಿರುವುತ್ತ ಕೂತೆ. ಒಂದರಿಂದ ಏಳನೆಯ ತರಗತಿವರೆಗೆ ‘ಹಾ’ ಸಾಲುಸಾಲಾಗಿ ಇತ್ತು. ಎಂಟಕ್ಕೆ ಬಂದರೆ ಹುಡುಗರ ಹೆಸರಿನ ಮುಂದೆ ‘ಗೈ’ ಹೆಚ್ಚು. ಒಂಬತ್ತಕ್ಕೆ ಅವರ ಹೆಸರೇ ಇಲ್ಲ. ಹುಡುಗಿಯರು ಇನ್ನೆರಡು ವರ್ಷ ಉಳಿಯುತ್ತಿದ್ದರು.

ಟ್ಯೂಷನ್ ಕಾರಣ ಎಂದು ನಾವೆಲ್ಲ ನಂಬಿದ್ದೆವು. ಮುಂದಿನ ವಾರ ನಾಲ್ಕು ಮನೆಗೆ ಹೋಗಿ ಕೇಳಿದೆ. ಒಬ್ಬ ಹುಡುಗ ತಲೆ ತಗ್ಗಿಸಿಕೊಂಡೇ ಹೇಳಿದ, “ಸರ್, ಐದನೇತ್ತೆದಾಗ ದಾವೀದ–ಗೊಲ್ಯಾತನ ಕಥಿ ಹೇಳಿದ್ರಿ. ಎಂಟನೇತ್ತೆದಾಗೂ ಅದನ್ನ ಹೇಳ್ತೀರಿ.”

ನನ್ನ ಸಂಶೋಧನೆ ಶುರುವಾದದ್ದು ಆ ಹುಡುಗನ ಮಾತಿನಿಂದ. ‘ಇಪ್ಪತ್ತೊಂದನೇ ಶತಮಾನದಲ್ಲಿ ಕ್ರೈಸ್ತ ಶಿಕ್ಷಣದ ಸವಾಲುಗಳು’ ಎಂಬಂಥ ಶೀರ್ಷಿಕೆಯನ್ನು ಯಾವ ಮಾರ್ಗದರ್ಶಕರೂ ಕೈಗೆತ್ತಿಕೊಳ್ಳುವುದಿಲ್ಲ. ‘ಒಂದು ಪ್ರಾಂತ್ಯದ ಇಂತಿಷ್ಟು ಸಭೆಗಳಲ್ಲಿ ಹದಿಮೂರರ ನಂತರ ಗಂಡುಮಕ್ಕಳು ಸಂಡೇ ಸ್ಕೂಲ್ ಬಿಡುವುದಕ್ಕೂ ಪಾಠಕ್ರಮಕ್ಕೂ ಇರುವ ಸಂಬಂಧ’ ಎಂದರೆ ಅವರು ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ. ನಿಮ್ಮ ಸಭೆಯಲ್ಲಿ, ನಿಮ್ಮ ಶಾಲೆಯಲ್ಲಿ ಇಂಥದೊಂದು ಪ್ರಶ್ನೆ ಇದ್ದೇ ಇರುತ್ತದೆ. ಮಿಷನ್ ಶಾಲೆಯಲ್ಲಿ ಹೊಸ ಮುಖ್ಯೋಪಾಧ್ಯಾಯರನ್ನು ಹೇಗೆ ತಯಾರು ಮಾಡುತ್ತಾರೆ? ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದು ಎಂದ ಸುಪ್ರೀಂ ಕೋರ್ಟಿನ 2014ರ ಪ್ರಮತಿ ತೀರ್ಪಿನ ನಂತರ ಬಡಮಕ್ಕಳ ಪ್ರವೇಶ ಏನಾಯಿತು? ಲಂಬಾಣಿ ತಾಂಡಾದ ಸಭೆಯ ಮಗು ಕನ್ನಡದ ಸತ್ಯವೇದವನ್ನು ಹೇಗೆ ಅರ್ಥಮಾಡಿಕೊಳ್ಳುತ್ತದೆ? ಭಾರತದ ಸಂಡೇ ಸ್ಕೂಲ್ ಯೂನಿಯನ್ 1876ರಲ್ಲಿ ಅಲಹಾಬಾದಿನಲ್ಲಿ ಹುಟ್ಟಿತು. ಅಲ್ಲಿಂದೀಚೆಗೆ ಕನ್ನಡ ಸಭೆಗಳ ಮಕ್ಕಳ ಪಾಠಪುಸ್ತಕಗಳು ಹೇಗೆ ಬದಲಾದವು ಎಂಬುದೊಂದೇ ಒಂದು ಪ್ರಬಂಧಕ್ಕೆ ಸಾಕಾಗುವಷ್ಟಿದೆ.

ಚರಿತ್ರೆಯ ವಿಷಯ ಹಿಡಿದರೆ ಸಾಮಗ್ರಿಗೆ ಬರವಿಲ್ಲ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಅದರ ಹಳೆಯ ಪ್ರಕಟಣೆಗಳು ಬಲ್ಮಠದ ಕಾಲೇಜಿನ ಸಂಗ್ರಹದಲ್ಲಿವೆ. ಬೆಂಗಳೂರಿನ ಯು.ಟಿ.ಸಿ. ಪತ್ರಾಗಾರದಲ್ಲಿ ಮಿಷನರಿಗಳ ದಾಖಲೆಗಳಿವೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಪತ್ರಾಗಾರದ ಹಳೆಯ ಫೋಟೊಗಳನ್ನು ಮನೆಯಲ್ಲಿ ಕೂತೇ ನೋಡಬಹುದು. ಇನ್ನು ‘ಶೋಧಗಂಗಾ’ ಜಾಲತಾಣದಲ್ಲಿ ದೇಶದ ಪಿಎಚ್.ಡಿ. ಪ್ರಬಂಧಗಳು ಉಚಿತವಾಗಿ ಸಿಗುತ್ತವೆ. ಅರ್ಜಿ ಹಾಕುವ ಮೊದಲು ನಿಮ್ಮ ವಿಷಯಕ್ಕೆ ಹತ್ತಿರದ ಹತ್ತು ಪ್ರಬಂಧಗಳನ್ನು ಅಲ್ಲಿ ಓದಿ. ಯಾರು ಏನು ಮಾಡಿದ್ದಾರೆ, ಏನು ಬಿಟ್ಟಿದ್ದಾರೆ ಎಂಬುದು ಗೊತ್ತಾಗುತ್ತದೆ.

ಮಾರ್ಗದರ್ಶಕರ ಆಯ್ಕೆ ಕಾಲೇಜಿನ ಆಯ್ಕೆಗಿಂತ ದೊಡ್ಡದು. ಯು.ಜಿ.ಸಿ. ನಿಯಮದಂತೆ ಪ್ರಾಧ್ಯಾಪಕರೊಬ್ಬರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಪಿಎಚ್.ಡಿ. ವಿದ್ಯಾರ್ಥಿಗಳನ್ನು ಮಾತ್ರ ತೆಗೆದುಕೊಳ್ಳಬಹುದು. ಜಾಗ ಖಾಲಿ ಇದೆಯೇ, ಅವರಿಗೆ ನಿವೃತ್ತಿ ಯಾವಾಗ ಎಂದು ವಿನಯದಿಂದಲೇ ಕೇಳಿ. ಅವರ ಹಳೆಯ ವಿದ್ಯಾರ್ಥಿಗಳ ಹತ್ತಿರವೂ ಮಾತಾಡಿ. ಅಧ್ಯಾಯವನ್ನು ಕೊಟ್ಟರೆ ಎಷ್ಟು ದಿನಕ್ಕೆ ತಿದ್ದಿ ಕೊಡುತ್ತಾರೆ ಎಂಬುದೊಂದನ್ನು ಕೇಳಿ ತಿಳಿದರೂ ಸಾಕು.

ಕ್ಷೇತ್ರಕಾರ್ಯದಲ್ಲಿ ಕನ್ನಡಿಗರಿಗೆ ಒಂದು ವಿಶೇಷ ಹೊರೆ ಇದೆ. ಜನ ಮಾತಾಡುವುದು ಕನ್ನಡದಲ್ಲಿ, ಪ್ರಬಂಧ ಹೆಚ್ಚಿನ ಕಡೆ ಇಂಗ್ಲಿಷಿನಲ್ಲಿ. ಒಂದು ಗಂಟೆಯ ಸಂದರ್ಶನವನ್ನು ಕೇಳಿ ಕನ್ನಡದಲ್ಲಿ ಇಳಿಸಿಕೊಳ್ಳಲು ನನಗೆ ಐದು ಗಂಟೆ ಹಿಡಿಯುತ್ತಿತ್ತು, ಅನುವಾದಕ್ಕೆ ಇನ್ನೂ ಮೂರು. ಮೊದಲು ಕನ್ನಡದಲ್ಲೇ ಪೂರ್ತಿ ಇಳಿಸಿಕೊಳ್ಳಿ. ‘ದೇವರು ನಡಿಸ್ಯಾನ್ರಿ’ ಎಂದು ಒಬ್ಬ ತಾಯಿ ಹೇಳಿದ್ದನ್ನು ನೇರವಾಗಿ ಇಂಗ್ಲಿಷಿಗೆ ತಿರುಗಿಸಿದರೆ ಅವಳ ಬದುಕಿನ ಅರ್ಧ ಕಳೆದುಹೋಗುತ್ತದೆ. ಮಕ್ಕಳನ್ನು ಮಾತಾಡಿಸುವ ಮುನ್ನ ತಂದೆತಾಯಿಯ ಲಿಖಿತ ಒಪ್ಪಿಗೆ ಕಡ್ಡಾಯವಾಗಿ ಪಡೆಯಿರಿ. ನೀವೇ ಅಯ್ಯನವರಾಗಿದ್ದರೆ ನಿಮ್ಮ ಸಭೆಯವರು ನಿಮಗೆ ಇಷ್ಟವಾಗುವ ಉತ್ತರವನ್ನೇ ಕೊಡುತ್ತಾರೆ. ಹಾಗಾಗಿ ಬೇರೆ ಸಭೆಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು, ಅಥವಾ ಪ್ರಶ್ನೆ ಕೇಳಲು ಬೇರೆಯವರನ್ನು ಕಳಿಸಬೇಕು.

ಕೃತಿಚೌರ್ಯದ ಬಗ್ಗೆ ಯು.ಜಿ.ಸಿ.ಯ 2018ರ ನಿಯಮ ಕಟ್ಟುನಿಟ್ಟಾಗಿದೆ. ಹೋಲಿಕೆ ಶೇ 10 ದಾಟಿದರೆ ತಿದ್ದಿ ಮತ್ತೆ ಕೊಡಬೇಕು, ಶೇ 40 ದಾಟಿದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಶೇ 60 ದಾಟಿದರೆ ನೋಂದಣಿಯೇ ರದ್ದು. ಪ್ರಸಂಗಗಳಲ್ಲಿ ಬೇರೆಯವರ ಮಾತನ್ನು ಹೆಸರಿಲ್ಲದೆ ಬಳಸುವ ರೂಢಿ ನಮ್ಮಲ್ಲಿ ಇದೆ. ಅದನ್ನು ಪ್ರಬಂಧಕ್ಕೆ ತರಬೇಡಿ.

ಮನೆಯವರ ಮಾತನ್ನೂ ಹೇಳದೆ ಇರಲಾರೆ. ನಮ್ಮಲ್ಲಿ ಡಾಕ್ಟರೇಟಿಗೆ ಸೇರುವವರು ಹೆಚ್ಚಾಗಿ ನಲವತ್ತರ ಆಸುಪಾಸಿನವರು. ಮಕ್ಕಳ ಎಸ್ಸೆಸ್ಸೆಲ್ಸಿ, ವಯಸ್ಸಾದ ತಂದೆತಾಯಿ, ಸಭೆಯ ಮದುವೆ, ಮಣ್ಣು ಎಲ್ಲವೂ ಅದೇ ಹೊತ್ತಿಗೆ ಇರುತ್ತವೆ. ಪಾಸ್ಟರೇಟ್ ಕಮಿಟಿ ಅಥವಾ ಶಾಲಾ ಮಂಡಳಿಯೊಂದಿಗೆ ಮೊದಲೇ ಕೂತು ವಾರದಲ್ಲಿ ಎಷ್ಟು ದಿನ ಓದಿಗೆ, ಸಂಬಳ ಎಷ್ಟು, ಮುಗಿದ ಮೇಲೆ ಎಷ್ಟು ವರ್ಷ ಅಲ್ಲೇ ಸೇವೆ ಎಂಬುದನ್ನು ಬರೆದುಕೊಳ್ಳಿ. ಗಂಡ ಓದುವಾಗ ಹೆಂಡತಿ ಮನೆ ನೋಡಿಕೊಂಡ ಉದಾಹರಣೆಗಳು ನಮ್ಮ ಸಭೆಗಳಲ್ಲಿ ಬೇಕಾದಷ್ಟಿವೆ. ಅಕ್ಕಂದಿರು ಓದಲು ಹೊರಟಾಗ ಅದೇ ಅನುಕೂಲ ಅವರಿಗೂ ಸಿಗಬೇಕು. ಸಂಡೇ ಸ್ಕೂಲಿನ ಅನುಭವ ಹೆಚ್ಚು ಇರುವುದು ಅವರಿಗೇ.

ಹಾವೇರಿಯ ಅಯ್ಯನವರು ಆ ಅರವತ್ತು ಸಾವಿರ ಕಟ್ಟಲಿಲ್ಲ. ಎಂ.ಟಿಎಚ್. ಅರ್ಜಿ ತುಂಬಿದ್ದಾರೆ, ತಮ್ಮ ಶಾಲೆಯ ಹತ್ತು ವರ್ಷದ ದಾಖಲಾತಿ ಪುಸ್ತಕ ತೆಗೆದು, ಐದನೆಯ ತರಗತಿಗೆ ಮೊದಲೇ ಶಾಲೆ ಬಿಟ್ಟ ಮಕ್ಕಳ ಪಟ್ಟಿ ಮಾಡುತ್ತಿದ್ದಾರೆ. ನೀವೂ ಯಾವ ಕಾಲೇಜಿಗಾದರೂ ಹಣ ಕಟ್ಟುವ ಮೊದಲು ಆ ಪದವಿಯನ್ನು ಯಾರು ಒಪ್ಪುತ್ತಾರೆ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ.